ಹಳದಿ ಜರ್ಸಿ

ವಾಲಿಬಾಲ್ ಪಂದ್ಯದ ಮೊದಲ ಸೆಟ್ ಮುಗಿದ ವಿಸಿಲ್ ಕೇಳಿದ್ದೇ ತಡ, ಹಳದಿ ಜರ್ಸಿಯ ಹುಡುಗಿಯ ಅಪ್ಪ ಸರಸರ ನಡೆದು ಪಿ.ಟಿ. ಮೇಷ್ಟರ ಎದುರು ನಿಂತ.

"ಎಲ್ಲಾ ಹುಡುಗೀರಿಗೂ ನೀಲಿ ಜರ್ಸಿ. ನನ್ನ ಮಗಳೊಬ್ಬಳಿಗೆ ಯಾಕೆ ಸಾರ್ ಹಳದಿ? ಇಲ್ಲೂ ನಮ್ಮನ್ನ ಬೇರೆ ಇಡ್ತೀರಾ?"

ಮೇಷ್ಟರ ಮುಖ ಕೆಂಪಾಯಿತು. "ಏನ್ರೀ, ಬಾಯಿಗೆ ಬಂದಂಗೆ ಮಾತಾಡ್ತೀರಾ? ಅವಳು ಲಿಬೆರೋ. ಹಿಂದೆ ನಿಂತು ಬಾಲ್ ಎತ್ತೋಳು. ರೆಫರಿಗೆ ಗುರುತು ಸಿಗಲಿ ಅಂತ ಲಿಬೆರೋಗೆ ಬೇರೆ ಬಣ್ಣ. ಪ್ರಪಂಚದಲ್ಲೆಲ್ಲಾ ಇದೇ ರೂಲು!"

"ಮತ್ತೆ ನೆಟ್ ಹತ್ರ ಹಾರಿ ಹೊಡೆಯೋಕೂ ಬಿಡಲ್ವಲ್ಲ?"

"ಲಿಬೆರೋ ಸ್ಮ್ಯಾಶ್ ಹೊಡೆಯೋ ಹಂಗಿಲ್ಲ, ಅದೂ ರೂಲೇ! ಆ ಕಡೆಯವರು ಎಷ್ಟೇ ಜೋರಾಗಿ ಹೊಡೀಲಿ, ಇವಳು ನೆಲಕ್ಕೆ ಬಿದ್ದಾದರೂ ಎತ್ತುತಾಳೆ. ಇವಳಿಲ್ಲದಿದ್ರೆ ಈ ಸೆಟ್ ಗೆಲ್ತಾನೇ ಇರಲಿಲ್ಲ. ಆಟದಲ್ಲೂ ಜಾತಿ ಹುಡುಕ್ಕೊಂಡು ಬರ್ತೀರಲ್ಲ, ನಾಚಿಕೆ ಆಗಲ್ವಾ? ನನಗೆ ಎಲ್ಲಾ ಮಕ್ಕಳೂ ಒಂದೇ!"

ಅಪ್ಪನ ಸಿಟ್ಟು ಜರ್ರನೆ ಇಳಿಯಿತು. "ಗೊತ್ತಾಗಲಿಲ್ಲ, ತಪ್ಪಾಯ್ತು ಸಾರ್" ಎಂದು ಕೈಮುಗಿದ.

ಮೇಷ್ಟರು ಇನ್ನೂ ಗೊಣಗುತ್ತಲೇ ನೀರಿನ ಜಗ್ ಎತ್ತಿಕೊಂಡು ಹುಡುಗಿಯರ ಕಡೆ ಹೋದರು. ಒಂದೇ ಸ್ಟೀಲ್ ಲೋಟ. ನೀಲಿ ಜರ್ಸಿಯವರು ಅದನ್ನು ಕೈಯಿಂದ ಕೈಗೆ ದಾಟಿಸುತ್ತಾ, ನಗುತ್ತಾ, ಒಬ್ಬರು ಕುಡಿದದ್ದರಲ್ಲೇ ಇನ್ನೊಬ್ಬರು ಕುಡಿದರು.

ಹಳದಿ ಜರ್ಸಿಯ ಸರದಿ ಬಂದಾಗ ಮೇಷ್ಟರು ಲೋಟವನ್ನು ಪಕ್ಕಕ್ಕಿಟ್ಟು, ಜಗ್ ಮೇಲಕ್ಕೆತ್ತಿದರು. ಯಾರೂ ಹೇಳದೆಯೇ ಅವಳು ಬಗ್ಗಿ ಬೊಗಸೆ ಒಡ್ಡಿದಳು.