ಕೈ ಎತ್ತದವಳು

ಎಂಟು ಹುಡುಗಿಯರೂ ಆ ಕಾದಂಬರಿಯನ್ನು ಬಾಯಿಪಾಠ ಮಾಡಿದವರೇ. ಅದು ಸಿನಿಮಾ ಆಗಿ ಬಂದ ಮೊದಲ ದಿನವೇ ನೋಡಿ, ಥಿಯೇಟರಿನ ಮೆಟ್ಟಿಲ ಮೇಲೇ ತೀರ್ಪಿಗೆ ಕೂತರು. ಅವರ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಪ್ರಣತಿಯೇ ನ್ಯಾಯಾಧೀಶೆ.

"ಕೊಂದುಬಿಟ್ರು ಕಣ್ರೇ! ಸರ್ವಾಧಿಕಾರಿ 'ನನ್ನ ಪರ ಯಾರು' ಅಂತ ಕೇಳ್ದಾಗ ಇಡೀ ಊರು ಹೆದ್ರಿ ಕೈ ಎತ್ತುತ್ತೆ, ನಾಯಕಿ ಒಬ್ಳೇ ಎತ್ತಲ್ಲ. ಪುಸ್ತಕದ ಜೀವ ಅದು! ಅದನ್ನ ಎರಡೇ ನಿಮಿಷಕ್ಕೆ ಮುಗಿಸೋದಾ? ಸರಿ, ಸಿನಿಮಾ ದಂಡ ಅನ್ನೋರು ಕೈ ಎತ್ತಿ."

ಏಳು ಕೈ ಎದ್ದವು. ಇಂಚರ ಒಬ್ಬಳೇ ಎತ್ತಲಿಲ್ಲ. ಅವಳಿಗಿದ್ದ ಗೆಳತಿಯರೆಲ್ಲ ಈ ಗ್ರೂಪಿನವರೇ.

"ನಂಗೆ ಇಷ್ಟ ಆಯ್ತು ಕಣೆ. ಅಳುನೇ ಬಂತು."

"ಅಳೋಕೇನಿತ್ತೇ ಅದ್ರಲ್ಲಿ? ನಿಂಗೆ ಪುಸ್ತಕಾನೇ ಅರ್ಥ ಆಗಿಲ್ಲ, ತಾಯಿ!" ಪ್ರಣತಿ ಅಲ್ಲೇ ಮೊಬೈಲು ತೆಗೆದು ಅವಳನ್ನು ಗ್ರೂಪಿನಿಂದ ಆಚೆ ಹಾಕಿದಳು. ಮಿಕ್ಕವರು ಚಪ್ಪಾಳೆ ತಟ್ಟಿದರು.

ಇಂಚರ ಕಣ್ಣೊರೆಸಿಕೊಂಡು ಬಸ್ಸಿನಲ್ಲಿ ಕೂತಿದ್ದಾಗ ಮೊಬೈಲು ಒಂದೇ ಸಮ ಸದ್ದು ಮಾಡತೊಡಗಿತು. ಆರು ಜನ ಬೇರೆಬೇರೆಯಾಗಿ ಒಂದೇ ಮಾತು ಬರೆದಿದ್ದರು: "ನಂಗೂ ಇಷ್ಟ ಆಯ್ತು ಕಣೆ. ಪ್ರಣತಿಗೆ ಹೇಳ್ಬೇಡ."

ಏಳನೆಯದು ಪ್ರಣತಿಯದು: "ಭಾನುವಾರ ಇನ್ನೊಂದ್ಸಲ ಹೋಗೋಣ್ವಾ? ಗ್ರೂಪಿನೋರಿಗೆ ಗೊತ್ತಾಗ್ಬಾರ್ದು."