ಗಂಡನ ಹೆಸರಿನ ಜಾಗ

“ಗಂಡನ ಹೆಸರು ಹಾಕದೆ ಇದು ಮುಂದೆ ಹೋಗುವುದಿಲ್ಲ ಮೇಡಂ,” ಎಂದ ಉಜ್ವಲ್. ವಾಮದಪದವಿನ ಕ್ಲಿನಿಕ್ಕಿಗೆ ರೋಗಿಗಳ ದಾಖಲೆಯ ಸಾಫ್ಟ್‌ವೇರ್ ಮಾರಲು ಬಂದಿದ್ದ ಅವನು, ಬಂದವರ ಹೆಸರು ಕೇಳಿ ಚೀಟಿ ಬರೆಯುವ ಖದೀಜಳ ವಿವರವನ್ನೇ ರೋಗಿಯದೆಂದು ತುಂಬಿ ಅದನ್ನು ತೋರಿಸುತ್ತಿದ್ದ.

“ಅವರು ತೀರಿಹೋಗಿ ಎಂಟು ತಿಂಗಳಾಯ್ತು.”

“ಯಾರದ್ದಾದರೂ ಹಾಕಿ ಮೇಡಂ. ಕಂಪ್ಯೂಟರಿಗೆ ಎಂಥ ಗೊತ್ತಾಗ್ತದೆ?”

ಕೊಳ್ಳಲು ಮನಸ್ಸು ಮಾಡಿದ್ದ ಡಾಕ್ಟರೂ ನಕ್ಕರು. “ಹಾಕು ಮಾರಾಯ್ತಿ, ಸುಮ್ಮನೆ ನೋಡ್ಲಿಕ್ಕೆ ಅಲ್ವಾ?”

“ಗಂಡ ತೀರಿಹೋದವರು ಬಂದರೆ ನಾನೂ ಹೀಗೇ ಹೇಳ್ಬೇಕಾ ಡಾಕ್ಟ್ರೇ?”

ಖದೀಜ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡು, ಒಂದೊಂದೇ ಅಕ್ಷರ ಒತ್ತಿ ‘ಉಜ್ವಲ್’ ಎಂದು ಟೈಪ್ ಮಾಡಿದಳು. ತಕ್ಷಣ ಮುಂದಿನ ಪುಟ ತೆರೆಯಿತು.

ಅವನು ಕುರ್ಚಿಯಿಂದ ಎದ್ದೇಬಿಟ್ಟ. “ಎಂಥ ಮೇಡಂ ಇದು, ಅಳಿಸಿ! ನನಗೆ ಮದುವೆ ಆಗಿದೆ.”

“ನನಗೂ ಆಗಿತ್ತು,” ಎಂದಳು ಖದೀಜ.