ಮೊದಲು ಕಾಲುವೆಗೆ

“ಒಂದ ಸೀಟು ಹಿಡೀಲೋ ಎರಡೋ, ಹೇಳು,” ಎಂದು ಮಾರೆಪ್ಪ ಮೊಬೈಲಿನ ಮೇಲೆ ಬೆರಳು ಹಿಡಿದೇ ಹೆಂಡತಿಯನ್ನು ಕೇಳಿದ. ನಾಗಪಟ್ಟಣದಿಂದ ಶ್ರೀಲಂಕಾಕ್ಕೆ ಹೋಗುವ ಹಡಗಿನ ಟಿಕೆಟ್ಟು ಅದು. ತೆರೆಯ ಮೇಲಿನ ಹಡಗು ಕಂಡದ್ದೇ ದುರುಗವ್ವ ಮುಖ ಆಚೆ ತಿರುಗಿಸಿದಳು.

“ನಮ್ಮ ಅಂಜನಾದ್ರಿ ಹನುಮಪ್ಪ ಹಾರಿ ಹೋದ. ನೀ ಕುಂತು ಹೋಗಾಕ ಅಂಜ್ತೀಯಲ್ಲ,” ಎಂದು ಆತ ನಗಿಸಲು ನೋಡಿದ. ಲಂಕೆ ತೋರಿಸುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದವನು ಮಗ ಪ್ರವೀಣ. ಹೋದ ವರ್ಷ ಅವನನ್ನು ಶ್ರೀರಾಮನಗರದ ಕಾಲುವೆ ಒಯ್ದಿತ್ತು. ಪ್ರತಿ ಮಳೆಗಾಲ ಕಾಲುವೆಗೆ ನೀರು ಬಿಟ್ಟಾಗ ನೀರಿನ ತಾಯಿ ಗಂಗವ್ವನಿಗೆ ಉಡಿ ತುಂಬುತ್ತಿದ್ದ ದುರುಗವ್ವ, ಈ ಸಲ ಅತ್ತ ತಿರುಗಿಯೂ ನೋಡಿರಲಿಲ್ಲ.

ಅವಳು ಎದ್ದು ಟ್ರಂಕಿನಿಂದ ಹಸಿರು ಕುಪ್ಪಸದ ಖಣ ತೆಗೆದಳು. ಅದರಲ್ಲಿ ಅಕ್ಕಿ, ತೆಂಗಿನಕಾಯಿ ಇಟ್ಟು ಗಂಟು ಕಟ್ಟಿದಳು.

“ಸಮುದ್ರಕ್ಕ ಕೊಡೂದನ್ನ ಈಗ್ಯಾಕ ಕಟ್ತಿ? ಹೋಗೂದು ಇನ್ನ ತಿಂಗಳೈತಿ.”

“ಸಮುದ್ರಕ್ಕಲ್ರಿ, ಕಾಲುವಿಗೆ. ಆಕಿ ಜೋಡಿ ಮಾತು ಬಿಟ್ಟು ವರ್ಷಾತು. ಸಣ್ಣಾಕಿ ಮ್ಯಾಲೆ ಸಿಟ್ಟು ಇಟ್ಕೊಂಡು ದೊಡ್ಡಾಕಿ ಮನಿಗೆ ಹೆಂಗ ಹೋಗ್ಲಿ?”

ಉಡಿಯ ಗಂಟನ್ನು ಎದೆಗೆ ಅವುಚಿಕೊಂಡು ಅವಳು ಚಪ್ಪಲಿ ಮೆಟ್ಟಿದಳು.

“ಎರಡ ಹಿಡೀರಿ. ಆಮ್ಯಾಲೆ ಕಾಲುವೀತನಕ ನನ್ನ ಜೋಡಿ ಬರ್ರಿ. ಒಬ್ಬಾಕಿಗೆ ಆಕಿ ಮುಂದ ನಿಂದ್ರಾಕ ಆಗೂದಿಲ್ಲ.”